ಶಬ್ಬೀರಸಾಬರ ರಿವೆಟ್ಟು

ಶಬ್ಬೀರಸಾಬರಿಗೆ ಸಿಟ್ಟು ಬಂದಿದ್ದು ಹೆಂಡತಿಯ ತಮ್ಮ ಜಾವೇದನ ಮೇಲೆ. ಗಂಗಾವತಿಯಲ್ಲಿ ಜೀವಮಾನವಿಡೀ ಹಂಡೆ, ಬೋಗುಣಿಗಳಿಗೆ ಹಿಡಿಕೆ ಕೂಡಿಸಿದ ಮಹಾಶಿಲ್ಪಿ ಸಾಬರು ಗುಜರಿಯಿಂದ ಹಳೆಯ ಜೀಪೊಂದನ್ನು ಎಳೆದು ತಂದರೆ, ಅಳವಂಡಿಯ ಜಾವೇದ ಫೋನಿನಲ್ಲೇ ಗಹಗಹಿಸಿ ನಕ್ಕ.

"ದುಲ್ಲೇಭಾಯಿ, ಅದರ ಮೈಮ್ಯಾಲ ತಗಡs ಇಲ್ಲಂತಲ್ಲ! ಗುಲ್ಶನಳ ಮದುವಿಗೆ ಸುಮ್ನ ಬಸ್ಸಿಗೆ ಬರ್ರಿ. ಮತ್ತ ರಂಜಾನ ಹಬ್ಬಕ್ಕ ಒಯ್ದಿದ್ರಲ್ಲ, ನಮ್ಮ ಬಿರಿಯಾನಿ ದೇಗಿನ ಮುಚ್ಚಳ? ಅದನ್ನೂ ಹುಡುಕ್ರಿ."

"ಮುಚ್ಚಳ ಯಾವಾಗೋ ಮುಟ್ಟಿಸೀನಿ! ನಿನ್ನ ಮಗಳ ಮದುವಿಗೆ ಇದೇ ಜೀಪಿನ್ಯಾಗ ಬರ್ತೀನಿ, ನೋಡ್ತಿರು!"

ಹೀಗೆ ಸಾಹೇಬರ ಮಾನ ಜೀಪಿನ ಮೇಲೆ ನಿಂತಿತು. (ಜೀಪು ಇನ್ನೂ ಇಟ್ಟಿಗೆಗಳ ಮೇಲೆ ನಿಂತಿತ್ತು.)

ಅಂಗಳದಲ್ಲಿ ಮಹಾಕಾಮಗಾರಿ ಶುರುವಾಯಿತು. ಜೀಪಿನ ಚೌಕಟ್ಟು ಕಬ್ಬಿಣ, ಮೈಯೆಲ್ಲ ಅಲ್ಯೂಮಿನಿಯಂ. ಎರಡೂ ಒಂದಕ್ಕೊಂದು ತಾಗಿದರೆ ತಗಡು ತಿಂದುಹೋಗುತ್ತದೆಂದು ನಡುವೆ ಸೈಕಲ್ ಟ್ಯೂಬಿನ ಪಟ್ಟಿಯಿಟ್ಟು, ತೂತಿಗೆ ತೂತು ಕೂಡಿಸಿ, ಬಿಚ್ಚಿಟ್ಟ ತಗಡುಗಳನ್ನು ಒಂದೊಂದಾಗಿ ರಿವೆಟ್ಟು ಬಡಿದು ಕೂಡಿಸಿದರು. ಕೆಲಸವೇನೋ ನಿಜಕ್ಕೂ ಚೆನ್ನಾಗಿತ್ತು.

"ಸ್ಕ್ರೂ ಹಾಕ್ರಿ. ಹೆಚ್ಚುಕಮ್ಮಿ ಆದ್ರ ಬಿಚ್ಚಾಕ ಬರ್ತೈತಿ" ಎಂದರು ಅವರ ಹೆಂಡತಿ ಬಾನುಬೀ.

"ಹೆಚ್ಚುಕಮ್ಮಿ ಆಗೋದು ನಿನ್ನ ಸಾರಿನ್ಯಾಗ! ನನ್ನ ರಿವೆಟ್ಟು ಏಳು ತಲಿಮಾರು ಬಿಚ್ಚಂಗಿಲ್ಲ."

(ಆ ಹೊತ್ತಿನ ಸಾರಿಗೆ ಉಪ್ಪೇ ಬೀಳಲಿಲ್ಲ.)

ಮದುವೆಯ ಹಿಂದಿನ ದಿನ ನೋಡಿದರೆ ಎಡಬಾಗಿಲಿನ ತಗಡೇ ನಾಪತ್ತೆ. ಸಾಹೇಬರು ಎದೆಗುಂದುವ ಪೈಕಿಯಲ್ಲ. ಅಟ್ಟ ಹತ್ತಿ, ಬಿರಿಯಾನಿ ದೇಗಿನದೊಂದು ಅಗಲವಾದ ಮುಚ್ಚಳವನ್ನು ಇಳಿಸಿದರು.

"ಅದು ಯಾರದು? ಮ್ಯಾಲಿನ ಹೆಸರು ನೋಡ್ರಿ ಮೊದಲ."

"ನಮ್ಮ ಅಟ್ಟದ ಮ್ಯಾಲ ಐತಿ ಅಂದಮ್ಯಾಲ ನಮ್ಮದs."

ಕತ್ತರಿ ಆಡಿತು, ದುಂಡಗಿನ ಮುಚ್ಚಳ ಚೌಕವಾಯಿತು. ಬಿರಿಯಾನಿಗೆ ದಮ್ ಕಟ್ಟುವಾಗ ಕೆಂಡ ಹೊತ್ತು ಹೊತ್ತು ಮಸಿ ಹಿಡಿದಿದ್ದ ಮೇಲ್ಮಗ್ಗುಲನ್ನು ಒಳಗೆ ಮಾಡಿ, ಇನ್ನುಳಿದ ರಿವೆಟ್ಟನ್ನೆಲ್ಲ ಅದಕ್ಕೇ ಬಡಿದರು.

ಮರುದಿನ ಜೀಪು ಅಳವಂಡಿಯಲ್ಲಿ ಫಳಫಳನೆ ಬಂದು ನಿಂತಾಗ ಜಾವೇದನ ನಗು ಇಂಗಿಹೋಯಿತು. ಸುತ್ತು ಹಾಕಿದ, ತಟ್ಟಿ ನೋಡಿದ, ಕೊನೆಗೆ ಸೋತು, "ಒಂದು ರೌಂಡ್ ಹೊಡೀರಿ" ಎಂದು ಎಡಗಡೆ ಹತ್ತಿ ಕುಳಿತ. ಶಬ್ಬೀರಸಾಬರ ಎದೆ ಸ್ಟೇರಿಂಗಿಗೆ ತಾಗುವಷ್ಟು ಉಬ್ಬಿತು.

ಇಳಿಯುವಾಗ ಜಾವೇದನ ಬಿಳಿ ಶೇರ್ವಾನಿಯ ತೋಳು ಕರ್ರಗಾಗಿತ್ತು. ಇದೆಲ್ಲಿಯ ಮಸಿ ಎಂದು ಬಾಗಿಲಿನ ಒಳಮೈಯನ್ನು ಕರವಸ್ತ್ರದಿಂದ ಒರೆಸಿದ. ಪಾತ್ರೆ ಅಂಗಡಿಯವರು ಚುಕ್ಕಿ ಹೊಡೆದು ಕೊರೆದ ಅಕ್ಷರಗಳು ಮೇಲೆದ್ದವು: ಅಬೇದಾಬಿ, ಅಳವಂಡಿ.

"ಅಬೇದಾ!" ಎಂದು ಜಾವೇದ ಹೆಂಡತಿಯನ್ನು ಕೂಗಿದ. "ನಿನ್ನ ಮುಚ್ಚಳ ಜೀಪಿನ್ಯಾಗ ಕುಂತು ಮದುವಿಗೆ ಬಂದೈತಿ!"

ಅಬೇದಾಬಿ ಒಲೆಯ ಕಡೆಯಿಂದಲೇ ಸೌಟು ಹಿಡಿದು ಬಂದರು. ಅಲ್ಲಿ ಅವರ ದೇಗಿಗೆ ಪರಾತ ಮುಚ್ಚಿ ಕಲ್ಲು ಹೇರಿದ್ದರು. "ಬಿಚ್ಚಿ ಕೊಡ್ರಿ."

ಬೀಗರೆಲ್ಲ ನೆರೆದರು. ಶಬ್ಬೀರಸಾಬರು ಉಳಿ ಇಟ್ಟು ಹೊಡೆದರು, ಬೆವರಿದರು, ಮತ್ತೆ ಹೊಡೆದರು. ಒಂದು ರಿವೆಟ್ಟೂ ಅಲುಗಲಿಲ್ಲ. (ಅಂಥ ಅವಮಾನದಲ್ಲೂ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು.)

"ಏಳು ತಲಿಮಾರು ಅಂದಿದ್ರಲ್ರಿ" ಎಂದು ಬಾನುಬೀ ನೆನಪಿಸಿದರು.

"ಬಿಚ್ಚಿದ್ರೂ ಈ ಚೌಕ ತಗಡು ಯಾವ ದೇಗಿಗೆ ಕೂಡ್ತೈತಿ?" ಎಂದ ಅಬೇದಾಬಿ ಕೀಲಿಗಾಗಿ ಕೈ ಚಾಚಿದರು. "ಹೊಸ ಮುಚ್ಚಳ ಬರೋತನಕ ಜೀಪು ಇಲ್ಲೇ ಇರ್ಲಿ."

ಗಂಡಹೆಂಡತಿ ಗಂಗಾವತಿಗೆ ಬಸ್ಸಿನಲ್ಲಿ ಹೊರಟರು. ಕಿಟಕಿಯ ಕೆಳಗಿನ ತಗಡೊಂದು ದಾರಿಯುದ್ದಕ್ಕೂ ಗಡಗಡ ಬಡಿದುಕೊಳ್ಳುತ್ತಿತ್ತು. ಶಬ್ಬೀರಸಾಬರ ಕೈ ತಾನಾಗಿ ಅದರ ಮೇಲೆ ಹೋಯಿತು.

"ಇದಕ್ಕ ನಾಕು ರಿವೆಟ್ಟು ಬಡದ್ರ..." ಎಂದವರು ಬಾನುಬೀಯ ಮುಖ ನೋಡಿ, ಕೈ ತೆಗೆದು, "ಸ್ಕ್ರೂ ಹಾಕಿದ್ರ ಛಲೋ" ಎಂದರು.