ಬಾಲ ಬಾರದ ಸಂತೋಷ

ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೆಲ್ಲನೆ ಮಾತು ಬದಲಿಸುತ್ತೇನೆ. ಪುತ್ತೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕುಳಿತು ಜೀವಕೋಶಗಳಿಗೆ ಬಾಲ ಬಂದಿದೆಯೇ ಎಂದು ನೋಡುತ್ತೇನೆ ಎಂದರೆ ಯಾರು ನಂಬುತ್ತಾರೆ? ಬೆಳ್ಳಾರೆಯಲ್ಲಿರುವ ನನ್ನ ಉಮ್ಮನಿಗೆ, ಅಂದರೆ ಅಮ್ಮನಿಗೆ, ದಿನವೂ ಇನ್ಸುಲಿನ್ ಚುಚ್ಚಬೇಕು. ಅದನ್ನು ಕಣ್ಣಿಗೆ ಕಾಣದ ನ್ಯಾನೋ ಕಣಗಳಲ್ಲಿ ತುಂಬಿಸಿ, ಹೊಟ್ಟೆಯಲ್ಲಿ ಹಾಳಾಗದಂತೆ ಬಾಯಿಯ ಮೂಲಕವೇ ಕೊಡಬಹುದೇ ಎಂಬುದು ನಮ್ಮ ಸಂಶೋಧನೆ. ಆದರೆ ಆ ಕಣಗಳು ಜೀವಕೋಶದ ಡಿಎನ್‌ಎಗೆ ಪೆಟ್ಟು ಮಾಡಬಾರದಲ್ಲ. ಪೆಟ್ಟಾಗಿದ್ದರೆ, ವಿದ್ಯುತ್ ಹಾಯಿಸಿದಾಗ ಡಿಎನ್‌ಎಯ ತುಂಡುಗಳು ಹೊರಗೆ ಹರಿದು ಧೂಮಕೇತುವಿನ ಬಾಲದಂತೆ ಕಾಣುತ್ತವೆ. ಇಲ್ಲದಿದ್ದರೆ ಕೋಶ ಗೋಳಿಬಜೆಯ ಹಾಗೆ ದುಂಡಗಿರುತ್ತದೆ.

ಇದನ್ನು ಉಮ್ಮನಿಗೆ ವಿವರಿಸಲು ಹೋದೆ.

"ಆ ಮದ್ದು ತಿಂದ್ರೆ ಬಾಲ ಬರ್ತದಾ ಮೋಳೆ?" ಎಂದು ಉಮ್ಮ ಮಗಳಾದ ನನ್ನನ್ನೇ ಕೇಳಿದರು.

"ಜನರಿಗಲ್ಲ ಉಮ್ಮ, ಕೋಶಕ್ಕೆ."

"ಕೋಶ ಇರುದು ಜನರೊಳಗೇ ಅಲ್ವಾ?"

ಐವರ್ನಾಡಿನಿಂದ ಬಂದು ಪಕ್ಕದ ಮನೆಯಲ್ಲಿ ನೆಲೆಸಿರುವ ಕುಸುಮಕ್ಕ ಸಮಾಧಾನ ಹೇಳಿದರು: "ಬಂದ್ರೆ ಬರ್ಲಿ ಮಾರಾಯ್ತಿ, ಸೂಜಿ ತಪ್ತದಲ್ಲ. ಬಾಲ ಸೀರೆಯೊಳಗೆ ಯಾರಿಗೆ ಕಾಣ್ತದೆ?"

ಪರೀಕ್ಷೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಎಲ್ಲಿಯೂ ಬಾಲವಿಲ್ಲ. ಕುಣಿಯುವುದೊಂದು ಬಾಕಿ. ನನ್ನ ಮಾರ್ಗದರ್ಶಕಿ ಮೇಡಂ ತಣ್ಣಗೆ ಕೇಳಿದರು: "ನಾವು ಬೇಕೆಂದೇ ರಾಸಾಯನಿಕ ಹಾಕಿ ಕೆಡಿಸಿದ ಕೋಶಗಳಿಗೆ ಬಂದಿದ್ಯಾ?"

"ಇಲ್ಲ."

"ಹಾಗಾದ್ರೆ ಪರೀಕ್ಷೆಯೇ ಆಗ್ಲಿಲ್ಲ. ಅದಕ್ಕೆ ಬರ್ಲೇಬೇಕು."

ನೋಡಿದರೆ ವಿದ್ಯುತ್ತಿನ ತಂತಿಯನ್ನು ನಾನು ಸರಿಯಾಗಿ ಸಿಕ್ಕಿಸಿರಲಿಲ್ಲ. ಅಷ್ಟೂ ಹೊತ್ತು ಕರೆಂಟೇ ಹರಿದಿರಲಿಲ್ಲ. ಬಾಲ ಬಾರದಿರಲಿ ಎಂದು ಹಾರೈಸಿದ್ದ ನಾನು, ಎರಡನೆಯ ಸಲ ಕನಿಷ್ಠ ಕೆಲವಕ್ಕಾದರೂ ಬರಲಿ ದೇವರೇ ಎಂದು ಬೇಡುತ್ತ ಕುಳಿತೆ. ಈ ಬಾರಿ ಕೆಡಿಸಿದ ಕೋಶಗಳಿಗೆ ಮಂಗಗಳೂ ನಾಚುವಂಥ ಬಾಲ. ನಮ್ಮ ನ್ಯಾನೋ ಕಣ ಹಾಕಿದವು ಮಾತ್ರ ದುಂಡಗೆ, ಮುದ್ದಾಗಿ ಕುಳಿತಿದ್ದವು. ಮೇಡಂ ನಕ್ಕರು. ನಾನು ಉಮ್ಮನಿಗೆ ಫೋನು ಮಾಡಿ, "ಬಾಲ ಇಲ್ಲ ಉಮ್ಮ" ಎಂದೆ.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಪಾಯಸದ ಪರಿಮಳ. ಕುಸುಮಕ್ಕ ಆಗಲೇ ಲೋಟ ಹಿಡಿದು ಕುಳಿತಿದ್ದರು. ಇದು ಬರೀ ಕೋಶಗಳಲ್ಲಿ ಮಾಡಿದ ಪರೀಕ್ಷೆ, ಇನ್ನು ಪ್ರಾಣಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ, ವರ್ಷಗಳೇ ಹಿಡಿಯುತ್ತವೆ ಎಂದು ನಾನು ತಿಳಿಹೇಳಿದೆ.

"ಆಗ್ಲಿ, ನಂಗೆಂತ ಅರ್ಜೆಂಟ್ ಉಂಟು?" ಎಂದು ಉಮ್ಮ ಇನ್ನೊಂದು ಲೋಟ ಬಗ್ಗಿಸಿಕೊಂಡರು. ಅವರ ಮುಖದ ನಗು ನೋಡಿ ತಡೆಯಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಉಮ್ಮನ ಸಕ್ಕರೆ ಅಂಶ ಅಟ್ಟಕ್ಕೇರಿತ್ತು. ನನ್ನ ಸಂಶೋಧನೆಯಿಂದ ಮನುಷ್ಯರ ಮೇಲಾದ ಮೊದಲ ಅಡ್ಡಪರಿಣಾಮ ಅದು. ಮೇಡಂಗೆ ಇನ್ನೂ ವರದಿ ಮಾಡಿಲ್ಲ.