ಬೂದಿ ನೀರಿನ ರುಚಿ

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ನೀರನ್ನು ಮೊದಲು ನಾಲಿಗೆಗೆ ಹಚ್ಚಿ ನೋಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ಮದುವೆಯಾಗಿ ಮೂಡಲಪಾಳ್ಯದ ಈ ಮನೆಗೆ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ! ಹಾಗೆ ರುಚಿ ನೋಡುತ್ತಿದ್ದವರು ನನ್ನ ಗಂಡನ ಸೋದರತ್ತೆ. ಹಾವೇರಿ ಕಡೆಯವರು, ಬಹಳ ವರ್ಷದಿಂದ ಇದೇ ಮನೆಯಲ್ಲಿದ್ದಾರೆ. ಸೋಪಿನ ಬಗ್ಗೆ ಅವರದು ಒಂದೇ ತೀರ್ಪು.

"ಸೋಪು ಕೊಳಿ ತಗೀತೈತಿ, ಇಲ್ಲ ಅನ್ನಂಗಿಲ್ಲ. ಅದರ ಜೋಡಿ ಬಟ್ಟೀನೂ ತಗೀತೈತಿ."

ರೇಷ್ಮೆಗೆ ಅಂಟುವಾಳದ ನೊರೆ. ಹತ್ತಿಗೆ ಬೂದಿ ನೀರು. ತಳದಲ್ಲಿ ತೂತಿರುವ ಹೂಕುಂಡಕ್ಕೆ ಹಳೇ ಬಟ್ಟೆ ಹಾಸಿ, ಬೂದಿ ತುಂಬಿ, ಮೇಲಿನಿಂದ ನೀರು ಹೊಯ್ದರೆ ಕೆಳಗಿನ ಪಾತ್ರೆಗೆ ತಿಳಿಹಳದಿ ನೀರು ತೊಟ್ಟಿಕ್ಕುತ್ತದೆ. ಆ ಕುಂಡಕ್ಕೊಂದು ಎತ್ತರದ ಪೀಠ ಬೇಕಲ್ಲ? ನನ್ನ ತವರಿನವರು ಕೊಟ್ಟಿದ್ದ ವಾಷಿಂಗ್ ಮಷೀನ್ ಅವರ ಕಣ್ಣಿಗೆ ಬಿತ್ತು. "ನಿಮ್ಮಪ್ಪ ಭಾಳ ಗಟ್ಟಿ ಸ್ಟೂಲು ಕೊಟ್ಟಾರ" ಎಂದು ಮನಸಾರೆ ಹೊಗಳಿದರು!

ಬೂದಿ ಬರುತ್ತಿದ್ದುದು ನಮ್ಮ ರಸ್ತೆಯ ಮೂಲೆಯಲ್ಲಿರುವ ಇಸ್ತ್ರಿ ಗಾಡಿಯಿಂದ. ಸುಮ್ಮನೆ ಇಸಿದುಕೊಂಡು ಬಂದರೆ ಅವರು ಅವರೇ ಅಲ್ಲ.

"ಇದು ಯಾವ ಮರದ ಇದ್ದಿಲೋ? ಜಾಲೀನೋ, ಹುಣಸೀನೋ?"

"ಅಂಗಡೀಲಿ ಕೊಟ್ಟಿದ್ದು ತರ್ತೀನಿ ಅಜ್ಜಿ. ನನಗೇನ್ ಗೊತ್ತು?"

"ಮರ ಯಾವುದಂತ ಗೊತ್ತಿಲ್ಲದ ಬೆಂಕಿ ಹಚ್ಚತೀಯೇನು?"

"ನನ್ ಮಗಳ ಮದ್ವೇಲಿ ಗಂಡಿನ್ ಬಗ್ಗೇನೂ ಇಷ್ಟು ವಿಚಾರಿಸ್ಲಿಲ್ಲ ಅಜ್ಜಿ!"

ಜರಡಿ ಹಿಡಿದ ಬೂದಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಇಡುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಹಿರಿಯರು ಬಂದವರು ಅದನ್ನು ಭಕ್ತಿಯಿಂದ ಮೂರು ಬೆರಳಲ್ಲಿ ಎತ್ತಿ ಹಣೆಗೆ ಬಳಿದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣಲ್ಲೇ ಗದರಿದರು. ಆ ಹಿರಿಯರು ಹೋದ ಮೇಲೆ ಅತ್ತೆ ಅಂದರು: "ಹಚ್ಚಿಕೊಳ್ಳಲಿ ಬಿಡು. ಅದೂ ಕೊಳಿ ತಗಿಯಾಕ, ಇದೂ ಕೊಳಿ ತಗಿಯಾಕ."

ಇಷ್ಟೆಲ್ಲ ಆದ ಮೇಲೆ ಆ ರುಚಿ. ತೋರುಬೆರಳನ್ನು ನೀರಿನಲ್ಲಿ ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಕಿರಿದಾಗಿಸಿ ನಿಲ್ಲುತ್ತಿದ್ದರು. ಥೂ ಎಂದು ಉಗುಳಿ, "ಇನ್ನೊಂದು ಚೊಂಬು ನೀರು" ಎನ್ನುತ್ತಿದ್ದರು. ಖಾರ ಹೆಚ್ಚಾದರೆ ಬಟ್ಟೆಯನ್ನೂ ಕೈಯನ್ನೂ ತಿನ್ನುತ್ತದೆ, ಕಡಿಮೆಯಾದರೆ ಕೊಳೆ ನಗುತ್ತದೆ. ನನ್ನ ಅಡುಗೆಗೂ ಅದೇ ನಾಲಿಗೆ, ಅದೇ ನ್ಯಾಯಾಲಯ. ಒಂದು ದಿನವೂ ಪಾಸು ಮಾಡಿದವರಲ್ಲ!

ಹೀಗಿರುವಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದ ಆ ಜ್ವರ ಅವರಿಗೂ ಬಂದು, ಬಿಟ್ಟು ಹೋಯಿತು. ಎದ್ದು ಕೂತವರು ಒಂದು ಮಧ್ಯಾಹ್ನ ಊಟ ಮಾಡುತ್ತಾ ಅಂದರು: "ಸಾರು ಭಾಳ ಚಲೋ ಆಗೇತಿ." ನನಗೆ ಆಕಾಶವೇ ಕೈಗೆ ಸಿಕ್ಕಿತು. ಮರುದಿನವೂ ಚಲೋ, ಅದರ ಮರುದಿನವೂ ಚಲೋ. ನಾನು ಅಡುಗೆಮನೆಯಲ್ಲಿ ಹಾಡುತ್ತಿದ್ದೆ. ಕೊನೆಗೊಮ್ಮೆ ನನ್ನ ಗಂಡ ತುತ್ತು ಬಾಯಿಗಿಟ್ಟು ಮುಖ ಎತ್ತಿದ.

"ಉಪ್ಪೇ ಹಾಕಿಲ್ವಲ್ಲೇ!"

"ಅತ್ತೆ ಚೆನ್ನಾಗಿದೆ ಅಂದ್ರು ಕಣ್ರೀ."

ಇಬ್ಬರೂ ಅವರತ್ತ ನೋಡಿದೆವು. ಅವರು ರೊಟ್ಟಿ ಮುರಿಯುತ್ತಿದ್ದರು, ಎಡಗೈ ಸೆರಗಿನೊಳಗಿತ್ತು. ಮುರಿಯುತ್ತಿದ್ದ ಬಲಗೈಯನ್ನು ಆಗ ಸರಿಯಾಗಿ ಕಂಡೆ. ಬೆರಳುಗಳ ಚರ್ಮ ಸುಲಿದು ಕೆಂಪಗಾಗಿತ್ತು.

"ಏನತ್ತೆ ಇದು?"

"ಜ್ವರ ಬಂದಾಗಿಂದ ನಾಲಿಗಿ ಸತ್ತೈತಿ. ಬೂದಿ ನೀರು ಹಚ್ಚಿದರ ಬರೀ ನೀರಿನಂಗ ಐತಿ. ಖಾರ ಎಷ್ಟು ಅಂತ ತಿಳೀಲಿಲ್ಲ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ದರ ಬಟ್ಟಿ ಮಷೀನಿಗೆ ಹಾಕ್ತಿದ್ರಿ. ಆಮೇಲೆ ನಾ ಏನು ಮಾಡಬೇಕು ಈ ಮನ್ಯಾಗ?"

ಅವರು ಹೀಗೇ ಅಂದರು ಎಂಬುದು ನನ್ನ ನೆನಪು. ಅವರು ಏನೂ ಅನ್ನಲಿಲ್ಲ, ಇನ್ನೊಂದು ಕೈಯನ್ನೂ ಸೆರಗಿನಿಂದ ತೆಗೆದು ತೋರಿಸಿದರು ಅಷ್ಟೇ ಎಂಬುದು ನನ್ನ ಗಂಡನ ನೆನಪು. ನೆನಪುಗಳು ಒಗೆದು ಮಡಚಿಟ್ಟ ಹಾಗೆ ಅಚ್ಚುಕಟ್ಟಾಗಿ ಸಿಕ್ಕಾಗೆಲ್ಲ ನನಗೆ ಗುಮಾನಿ. ಆ ಮಾತನ್ನು ನಾನೇ ಅವರ ಬಾಯಿಗೆ ಹಾಕಿದ್ದರೂ ಹಾಕಿರಬಹುದು. ಸುಲಿದ ಬೆರಳುಗಳು ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ.

ಅವರೇ ಹೂಕುಂಡ ಕೆಳಗಿಳಿಸಿ ಬೋರಲು ಹಾಕಿದರು. ಮಷೀನು ತಿರುಗತೊಡಗಿತು. ಅದರ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು, ಸುತ್ತುವ ಬಟ್ಟೆಗಳನ್ನು ನೋಡುತ್ತಾ ಕೂರುತ್ತಿದ್ದರು. ಒಂದು ಬೈಗುಳವಿಲ್ಲ. ಇಸ್ತ್ರಿಯವನು ಕೂಡ "ಅಜ್ಜಿ ಯಾಕೆ ಬೂದಿಗೆ ಬರ್ತಿಲ್ಲ?" ಎಂದು ಕೇಳಿದ. ಉಪ್ಪು ಸರಿಯಾಗಿ ಹಾಕಿದ ಸಾರನ್ನೂ ಚಲೋ ಎನ್ನುತ್ತಿದ್ದರು. ಆ ಹೊಗಳಿಕೆಯನ್ನು ನನ್ನಿಂದ ಸಹಿಸಲಾಗಲಿಲ್ಲ.

ಒಂದು ಭಾನುವಾರ ನಾನೇ ಹೋಗಿ ಬೂದಿ ತಂದೆ. "ಜಾಲಿ ಮರದ್ದು ಅಂತ ಹೇಳಿ, ಇಲ್ಲಾಂದ್ರೆ ಒಪ್ಪಲ್ಲ" ಎಂದು ಇಸ್ತ್ರಿಯವನು ತಾನಾಗಿಯೇ ಹೇಳಿಕೊಟ್ಟ. ಕುಂಡ ತುಂಬಿ, ನೀರು ಇಳಿಸಿ, ಬಟ್ಟಲಲ್ಲಿ ಒಂದಿಷ್ಟು ಅವರ ಮುಂದೆ ಹಿಡಿದೆ. ವಾಸಿಯಾಗಿದ್ದ ಬೆರಳು ತಾನಾಗಿಯೇ ನೀರಿಗಿಳಿಯಿತು, ನಾಲಿಗೆಗೆ ಹೋಯಿತು. ಕಾದರು. ತಲೆಯಾಡಿಸಿದರು, ಏನೂ ಇಲ್ಲ.

ಆಮೇಲೆ ಅದೇ ಬೆರಳನ್ನು ಮತ್ತೆ ಅದ್ದಿ ನನ್ನತ್ತ ಚಾಚಿದರು.

"ನಾಲಿಗಿ ತಗಿ."

ತೆಗೆದೆ. ಅಯ್ಯೋ! ಕಹಿ, ಸುಣ್ಣ, ಬೆಂಕಿ!

"ಹೆಂಗೈತಿ?"

"ಚುರ್ ಅಂತಿದೆ ಅತ್ತೆ."

"ತುದೀಗೋ, ಒಳಗಿನ ತನಕಾನೋ?"

"ಒಳಗಿನ ತನಕ."

"ಎರಡು ಚೊಂಬು ನೀರು ಹಾಕು."

ಹಾಕಿದೆ. ಮತ್ತೆ ನಾಲಿಗೆ ಚಾಚಿದೆ. ಈಗ ಉರಿ ತುದಿಯಲ್ಲೇ ನಿಂತಿತು. ನಾನು ಉತ್ತರ ಕೊಡಬೇಕಾಗಲಿಲ್ಲ. ನನ್ನ ಮುಖ ಕಿವುಚಿದ್ದನ್ನು ಹತ್ತಿರದಿಂದ ನೋಡುತ್ತಿದ್ದ ಅವರ ಮುಖವೂ ಹಾಗೇ ಕಿವುಚಿತು, ಕಣ್ಣು ಕಿರಿದಾದವು. ಅವರು ಥೂ ಎಂದು ಉಗುಳಿ, ಬಾಯಿ ಒರೆಸಿಕೊಂಡು, "ಹಾಂ, ಈಗ ಬಂತು" ಅಂದರು.