ಹಳ್ಳದಾಚೆಗೆ ಕೂಗಿ ಕೇಳಿದ್ದು

ನನ್ನದು ದೊಡ್ಡ ಗಂಟಲು. ಬೇರೆ ಯಾತಕ್ಕೂ ಬಾರದ ಈ ಗುಣವನ್ನು ಒಮ್ಮೆ ಸರ್ಕಾರದ ಸೇವೆಗೆ ಒಪ್ಪಿಸಿದ್ದೆ. ಆಗ ನಾನು ಮಾಗಡಿಯಲ್ಲಿ ಹಂಗಾಮಿ ಗುಮಾಸ್ತ. ಹಳ್ಳಿ ಜನರ ಮದುವೆ, ಹೆರಿಗೆ, ಸಾವಿನ ಪದ್ಧತಿಗಳನ್ನು ಕೇಳಿ ಬರೆದುಕೊಂಡು ಬರುವುದು ನನ್ನ ಕೆಲಸ. ವರದಿ ಮುಗಿದರೆ ಹುದ್ದೆ ಖಾಯಂ, ಇಲ್ಲವಾದರೆ ಮಾವನ ಮನೆಯ ಅನ್ನವೇ ಖಾಯಂ. “ಜಗಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಮಾತಿನ ನಡುವೆ ಮೆಲ್ಲಗೆ ಕೇಳಬೇಕು” ಎಂದು ಮೇಲಿನವರು ಹೇಳಿಕೊಟ್ಟಿದ್ದರು. ಪ್ಲೇಗು ಬರುತ್ತದೆಂದು ಅವರಿಗೇನು ಗೊತ್ತು!

ಕಲ್ಯ ಎಂಬ ಹಳ್ಳಿಗೆ ಹೋದರೆ ಊರು ಖಾಲಿ. ಇಲಿ ಸತ್ತು ಬಿದ್ದದ್ದೇ ತಡ, ಜನರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹಳ್ಳದ ಹತ್ತಿರ ಊರಗೌಡರು ಕೋಲು ಅಡ್ಡ ಹಿಡಿದರು. “ಅಲ್ಲೇ ನಿಂತ್ಕಳಿ ಸ್ವಾಮಿ. ಮಾಗಡೀಲೂ ಇಲಿ ಬಿದ್ದವಂತೆ. ಅದೇನ್ ಕೇಳ್ಬೇಕೋ ಅಲ್ಲಿಂದ್ಲೇ ಕೇಳಿ.” ರೋಗ ಅಂಟೀತೆಂದು ದಾರಿಯುದ್ದಕ್ಕೂ ನಾನು ಈ ಹಳ್ಳಿಯವರಿಗೆ ಹೆದರಿಕೊಂಡೇ ಬಂದಿದ್ದೆ. ಅವರು ನನಗೆ ಹೆದರಬಹುದೆಂದು ಹೊಳೆದೇ ಇರಲಿಲ್ಲ. ಅವಮಾನವೇ ಆಯಿತು.

ಸರಿ, ಈಚೆ ದಡದ ಬಂಡೆಯೇ ನನ್ನ ಜಗಲಿ. ಆಚೆ ದಡದಲ್ಲಿ ಊರಿಗೆ ಹಿರಿಯಳಾದ ನಂಜಮ್ಮ, ಅವಳ ಬೆನ್ನ ಹಿಂದೆ ಇಡೀ ಊರು. “ನಿಮ್ಮಲ್ಲಿ ಗಂಡ ಸತ್ತವಳು ಸೀರೆ ಉಡಿಕೆ ಮಾಡಿಕೊಂಡು ಮತ್ತೊಬ್ಬನ ಜೊತೆ ಸಂಸಾರ ಮಾಡ್ತಾಳೇನಮ್ಮಾ?” ಎಂದು ಕೂಗಿದೆ. ಪ್ರಶ್ನೆ ಗುಡ್ಡಕ್ಕೆ ಹೋಗಿ ವಾಪಸು ಬಂತು.

“ಇಲ್ಲ ಕಣಪ್ಪಾ!” ಎಂದಳು. ‘ಇಲ್ಲ’ ಎಂದು ಬರೆದುಕೊಂಡೆ. ಹೊರಡುವಾಗ ಅವಳು ಹಳ್ಳದ ನಡುವಿನ ಕಲ್ಲಿನ ಮೇಲೆ ಒಂದು ಚೆಂಬು ಮಜ್ಜಿಗೆ ಇಟ್ಟು ಹಿಂದೆ ಸರಿದಳು. “ಗಂಟ್ಲು ಒಣಗೈತೆ, ಒಸಿ ಕುಡ್ಕಂಡ್ ಹೋಗು ಮಗ.” ಪ್ಲೇಗನ್ನು ಮರೆತು ಕುಡಿದೆ.

ದಾರಿಯಲ್ಲಿ ಗಾಡಿಯ ಸಿದ್ದಯ್ಯ ನಕ್ಕ. “ಆ ಯಮ್ಮಂದೇ ಉಡಿಕೆ ಸ್ವಾಮಿ. ಸೊಸೇದೀರ್ ಮುಂದೆ ನೀವ್ ಹಂಗ್ ಕೂಗಿ ಕೇಳಿದ್ರೆ ಯಾರ್ ಒಪ್ಕತಾರೆ?” ಸರ್ಕಾರಕ್ಕೇ ಸುಳ್ಳು ಹೇಳುವುದೇ ಎಂದು ಊರು ಮುಟ್ಟುವವರೆಗೂ ಕುದಿದೆ.

ಮನೆಬಾಗಿಲಲ್ಲಿ ಹೆಂಡತಿ ತಡೆದಳು. ಬಿಸಿನೀರಿನ ಹಂಡೆ ಅಂಗಳಕ್ಕೇ ಬಂದಿತ್ತು, ಅಕ್ಕಪಕ್ಕದ ಹೆಂಗಸರೂ ಬಂದಿದ್ದರು. “ಅಲ್ಲೇ ನಿಲ್ಲಿ. ಹಳ್ಳೀಲಿ ಯಾರ ಕೈಯಲ್ಲಾದ್ರೂ ಏನಾದ್ರೂ ಕುಡಿದ್ರಾ?” ಎಂದು ಬೀದಿಗೆಲ್ಲ ಕೇಳಿಸುವಂತೆ ಕೇಳಿದಳು. ಅವಳದೂ ಸಣ್ಣ ಗಂಟಲಲ್ಲ.

“ಇಲ್ಲ” ಎಂದೆ.

ನಂಜಮ್ಮನ ಮೇಲಿದ್ದ ಕೋಪ ಅಲ್ಲಿಗೆ ಇಳಿಯಿತು. ಅವಳ ‘ಇಲ್ಲ’ವನ್ನು ತಿದ್ದಲಿಲ್ಲ. ಅವಳ ಮಾನ ಉಳಿಸಿದೆ ಎಂದು ಹೇಳಿಕೊಳ್ಳಬಹುದು. ತಿದ್ದಲು ಹೋಗಿದ್ದರೆ ವರದಿ ತಡವಾಗುತ್ತಿತ್ತು ಎಂಬುದೂ ನಿಜ. ‘ಉತ್ತರಗಳು ಬಹಳ ಖಚಿತವಾಗಿವೆ’ ಎಂದು ಮೇಲಿನವರು ಷರಾ ಬರೆದು ನನ್ನ ಹುದ್ದೆಯನ್ನು ಖಾಯಂ ಮಾಡಿದರು.